ಎಲ್ಲರದೂ ಒಂದೇ ನೋವಲ್ಲ

ಪ್ರೀತಿಯ ತಂಗೀ,

ನಿನ್ನ ಲೇಖನ ಓದಿದೆ. ‘ಜಗತ್ತಿನ ಕಪ್ಪು ಕಲಾವಿದರದೆಲ್ಲ ಒಂದೇ ನೋವು, ಒಂದೇ ಕೂಗು’ ಎಂಬಲ್ಲಿಗೆ ಬಂದಾಗ ಪೆನ್ಸಿಲ್ ಎತ್ತಿಕೊಂಡೆ. ಒಂದೇ ಅಲ್ಲ. ಒಂದೊಂದು ಸಮಾಜ ಬಣ್ಣದ ಭೇದವನ್ನು ಒಂದೊಂದು ಕಡೆ ಇಟ್ಟುಕೊಂಡಿರುತ್ತದೆ; ಕಲಾವಿದ ಕೈಹಾಕುವುದು ಅಲ್ಲಿಗೇ.

ಅಮೆರಿಕದ ಜೇಕಬ್ ಲಾರೆನ್ಸ್ ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯೆ. ದಕ್ಷಿಣದ ಹಳ್ಳಿಗಳಿಂದ ಉತ್ತರದ ನಗರಗಳಿಗೆ ಗುಳೆ ಹೊರಟ ಕಪ್ಪು ಜನರ ಕಥೆಯನ್ನು ಅವರು 1940–41ರಲ್ಲಿ 60 ಪುಟ್ಟ ಹಲಗೆಗಳ ಮೇಲೆ ಚಿತ್ರಿಸಿದರು. ಮುಗಿಸಿದಾಗ ವಯಸ್ಸು 23. ಎಲ್ಲವನ್ನೂ ಒಟ್ಟಿಗೆ ಹರವಿಕೊಂಡು, ಕಲಸಿದ ಒಂದು ಬಣ್ಣವನ್ನು ಎಲ್ಲ ಹಲಗೆಗಳಿಗೂ ಹಚ್ಚಿದ ಮೇಲೆಯೇ ಮುಂದಿನ ಬಣ್ಣ. ಜನ ಊರು ಬಿಡಲು ಒಂದು ಕಾರಣ, ಬಿಳಿಯರ ಗುಂಪುಗಳು ಕಪ್ಪು ಜನರನ್ನು ಹಿಡಿದು ಮರಕ್ಕೆ ನೇತುಹಾಕುತ್ತಿದ್ದುದು. ಹದಿನೈದನೆಯ ಚಿತ್ರ ಅದರದು. ನೋಡಿದರೆ ಅಲ್ಲಿ ಹೆಣವೇ ಇಲ್ಲ. ಬೋಳು ಕೊಂಬೆ, ಖಾಲಿ ಕುಣಿಕೆ, ಕೆಳಗೆ ಬೆನ್ನು ಬಾಗಿಸಿ ಕುಳಿತ ಒಂದು ಜೀವ. ಇಂಥ ಹತ್ಯೆಗಳ ಫೋಟೊಗಳನ್ನು ಅಂಚೆಕಾರ್ಡು ಮಾಡಿ ಮಾರಿದ ನಾಡು ಅದು. ಹೆಣ ನೋಡಲು ಬಂದ ಕಣ್ಣಿಗೆ ಲಾರೆನ್ಸ್ ಅದನ್ನು ಕೊಡಲಿಲ್ಲ. ನಿನ್ನ ಎರಡನೆಯ ಪುಟದಲ್ಲಿ ‘ರಕ್ತ’ ಏಳು ಸಲ ಬಂದಿದೆ. ಎಣಿಸಿದೆ.

ಬ್ರೆಜಿಲ್‌ನ ತೊಡಕು ಬೇರೆ. 1888ರಲ್ಲಿ ಗುಲಾಮಗಿರಿ ಹೋದ ಮೇಲೆ ಅಲ್ಲಿ ಅಮೆರಿಕದ ದಕ್ಷಿಣದಂತೆ ಜನರನ್ನು ಬೇರ್ಪಡಿಸುವ ಕಾನೂನು ಬರಲಿಲ್ಲ. ‘ನಮ್ಮಲ್ಲಿ ಭೇದ ಎಲ್ಲಿದೆ?’ ಎನ್ನುವ ನಗುಮುಖವೇ ಅಲ್ಲಿನ ಗೋಡೆ. ಅಲ್ಲಿನ ಕಪ್ಪು ರಂಗಕರ್ಮಿ ಅಬ್ದಿಯಾಸ್ ದೊ ನಾಸಿಮೆಂಟೊ 1941ರಲ್ಲಿ ಪೆರುವಿನ ಲಿಮಾದಲ್ಲಿ ಒಂದು ನಾಟಕ ನೋಡಿದರು. ಕಪ್ಪು ನಾಯಕನ ಪಾತ್ರಕ್ಕೆ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು ಬಂದಿದ್ದ. ತಮ್ಮ ದೇಶದ ರಂಗಭೂಮಿಯೂ ಹೀಗೆಯೇ ಎಂಬುದು ಅವರಿಗೆ ಚುಚ್ಚಿತು. 1944ರಲ್ಲಿ ರಿಯೊದಲ್ಲಿ ಕಪ್ಪು ಜನರ ನಾಟಕ ತಂಡ ಕಟ್ಟಿದರು. ಸೇರಿದವರಲ್ಲಿ ಮನೆಗೆಲಸದವರಿದ್ದರು, ಕಾರ್ಮಿಕರಿದ್ದರು. ತಂಡ ಅವರಿಗೆ ಅಕ್ಷರವನ್ನೂ ಕಲಿಸಿತು. ಮರುವರ್ಷ ಅದೇ ನಾಟಕವನ್ನು ನಗರದ ಮುನ್ಸಿಪಲ್ ರಂಗಮಂದಿರದಲ್ಲಿ ಆಡಿದರು, ಮಸಿಯಿಲ್ಲದೆ.

ದಕ್ಷಿಣ ಆಫ್ರಿಕದಲ್ಲಿ ಹುಡುಕುವ ಶ್ರಮವೇ ಇರಲಿಲ್ಲ, ಭೇದ ಸರಕಾರಿ ದಾಖಲೆಯಲ್ಲೇ ಇತ್ತು. ಕಪ್ಪು ಛಾಯಾಗ್ರಾಹಕ ಅರ್ನೆಸ್ಟ್ ಕೋಲ್ ತಮ್ಮ ಕೋಲೆ ಎಂಬ ಮನೆಹೆಸರನ್ನು ಬದಲಿಸಿಕೊಂಡು, ಆ ದಾಖಲೆಯಲ್ಲಿ ‘ಕಲರ್ಡ್’, ಅಂದರೆ ಮಿಶ್ರ ಜನಾಂಗದವರು, ಎಂದು ಬರೆಸಿಕೊಂಡರು; ಕಪ್ಪು ಜನರ ಮೇಲಿದ್ದ ಕೆಲವು ಕಟ್ಟುಪಾಡುಗಳು ಅವರಿಗಿರಲಿಲ್ಲ. 1966ರಲ್ಲಿ ದೇಶ ಬಿಟ್ಟರು. ಮರುವರ್ಷ ಹೊರಗೆ ಅಚ್ಚಾದ, ಈ ಭೇದವನ್ನೇ ತೋರಿಸುವ ಅವರ ಚಿತ್ರಗಳ ಪುಸ್ತಕವನ್ನು ತಾಯ್ನಾಡು ನಿಷೇಧಿಸಿತು.

ಲಾರೆನ್ಸ್ ಚಿತ್ರಗಳ ನನ್ನ ಪುಸ್ತಕವನ್ನು ಇದರೊಂದಿಗೆ ಕಳುಹಿಸಿದ್ದೇನೆ. ಹದಿನೈದನೆಯದನ್ನು ನೋಡಿಕೊಂಡು ಎರಡನೆಯ ಪುಟವನ್ನು ಮೊದಲಿನಿಂದ ಬರೆ. ಪುಸ್ತಕ ಮಾತ್ರ ವಾಪಸು ಬೇಕು.

ನಿನ್ನ ಅಣ್ಣ