ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್ ಬದಲಾಗುತ್ತಿದೆ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಏಪ್ರಿಲ್ 1ರಿಂದ ನಮ್ಮ ಹಳೆಯ ಆವೃತ್ತಿ ನಡೆಯುವುದಿಲ್ಲ. ಕೌಂಟರ್ ಕಂಪ್ಯೂಟರ್, ಮೊಬೈಲ್ ಆ್ಯಪ್ ಎರಡನ್ನೂ ಒಂದೇ ದಿನ ಬದಲಿಸಬೇಕು. ವರ್ಷದ ಸೇವಾ ಶುಲ್ಕವೂ 600 ರೂಪಾಯಿ ಜಾಸ್ತಿ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ನಿಮಗಿದು ತೊಂದರೆಯೇ. ಕ್ಷಮೆ ಇರಲಿ.

ಅಮರಗೋಳದ ಎಪಿಎಂಸಿಯಿಂದ ಗದಗಿನವರೆಗೆ ಎಲ್ಲರದೂ ಒಂದೇ ಮಾತು: "ಅಂಕಿ ಎಲ್ಲಿದ್ದರೂ ಅಂಕಿನೇ ಅಲ್ವಾ? ಚೆಂದ ನಡೆದದ್ದನ್ನು ಯಾಕೆ ಮುಟ್ಟುತ್ತೀರಿ?" ಸುಮ್ನೆ ದುಡ್ಡು ಕೀಳಲು ಅಂದವರೂ ಇದ್ದಾರೆ. ಆ ಮಾತು ನಮಗೆ ನೋವು ತಂದಿದೆ. ಅದಕ್ಕೇ ಬಿಡಿಸಿ ಹೇಳುತ್ತೇವೆ.

ನಿಮ್ಮ ಕೌಂಟರಿನ ಪ್ರೋಗ್ರಾಂ ಸಿ ಭಾಷೆಯದು, ಸರ್ವರಿನದು ಜಾವಾ, ಮೊಬೈಲಿನದು ಜಾವಾಸ್ಕ್ರಿಪ್ಟ್. ಅಂಕಿಗೆ ಇವು ಕೊಡುವ ಜಾಗ ಒಂದೇ ಅಲ್ಲ. 'ಲಾಂಗ್' ಅಂದರೆ ದೊಡ್ಡ ಅಂಕಿ ಇಡುವ ಜಾಗದ ಹೆಸರು, ಆ ಜಾಗದ ಅಳತೆ ಬಿಟ್. ಜಾವಾದ ಲಾಂಗ್ ಯಾವಾಗಲೂ 64 ಬಿಟ್. ಸಿಯ ಲಾಂಗ್ ವಿಂಡೋಸಿನಲ್ಲಿ 32 ಬಿಟ್ ಮಾತ್ರ. ಹಣವನ್ನು ನಾವು ಪೈಸೆಯಲ್ಲಿ ಇಡುತ್ತೇವೆ. 32 ಬಿಟ್‌ನಲ್ಲಿ ಹಿಡಿಸುವುದು 2,14,74,83,647 ಪೈಸೆ, ಅಂದರೆ 2,14,74,836 ರೂಪಾಯಿ 47 ಪೈಸೆ. ಇನ್ನೊಂದು ಪೈಸೆ ಸೇರಿದರೆ ಒಟ್ಟು ಮೈನಸ್‌ಗೆ ತಿರುಗಬಹುದು. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಸೀಸನ್ ಲೆಕ್ಕ ಮುಂದೆಯೂ ಅಷ್ಟಕ್ಕೇ ನಿಲ್ಲುತ್ತದೆಯೇ? ಯಾರ ಒಟ್ಟೂ ಇನ್ನೂ ಆ ಗಡಿ ಮುಟ್ಟಿಲ್ಲ. ಮುಟ್ಟುವ ಮೊದಲೇ ಎಲ್ಲ ಕಡೆ 64 ಬಿಟ್ ಮಾಡಿದ್ದೇವೆ.

ಜಾವಾಸ್ಕ್ರಿಪ್ಟಿನದು ಬೇರೆ ಕಥೆ. ಅದರ ಸಾದಾ ಅಂಕಿಯನ್ನು 9007199254740991ರವರೆಗೆ ಮಾತ್ರ ನಂಬಬಹುದು. 9007199254740993 ಕಳಿಸಿದರೆ 9007199254740992 ಎಂದು ತೋರಿಸುತ್ತದೆ. ಪ್ರತಿ ವಹಿವಾಟಿಗೆ ನಾವು ಕೊಡುವ ಹೊಸ ಒಳನಂಬರ್ 18 ಅಂಕಿಯದು. ಹಾಗಾಗಿ ಅದನ್ನು ಮೊಬೈಲಿಗೆ ಅಂಕಿಯಾಗಿ ಅಲ್ಲ, ಅಕ್ಷರಗಳಾಗಿ ಕಳಿಸುತ್ತೇವೆ.

ಪ್ರೋಗ್ರಾಮಿನಲ್ಲಿ ಲಾಂಗ್ ತೆಗೆದು ಇನ್ನೊಂದು ಬರೆಯಲು ಏನೂ ಖರ್ಚಿಲ್ಲ. ಖರ್ಚಾದದ್ದು ಪರೀಕ್ಷೆಗೆ. ಹಳೆಯ ಫೈಲಿನಲ್ಲಿ ಒಂದು ಅಂಕಿಗೆ 4 ಬೈಟ್ (8 ಬಿಟ್‌ಗೆ ಒಂದು ಬೈಟ್) ಇದ್ದದ್ದು ಈಗ 8. ಒಂದು ಕಡೆ ಮರೆತರೂ ಅಲ್ಲಿಂದ ಮುಂದಿನ ಅಂಕಿಯೆಲ್ಲ ಜರುಗಿಹೋಗುತ್ತದೆ. ಕೌಂಟರ್, ಮೊಬೈಲ್ ಎರಡನ್ನೂ ಒಂದೇ ದಿನ ಬದಲಿಸಿ ಅನ್ನುವುದೂ ಇದಕ್ಕೇ. ಡೇಟಾಬೇಸಿನ ಒಂದೊಂದು ಕಾಲಂ ಕೂತು ನೋಡಿದವರು ಹುಬ್ಬಳ್ಳಿಯ ನಮ್ಮ ಹುಡುಗ ಹುಡುಗಿಯರೇ. ಹೊರಗಿನವರಿಗೆ ಕೊಡಲಿಲ್ಲ. ನಮ್ಮ ಈ ಹುಡುಗ ಹುಡುಗಿಯರ ಸಂಬಳ ಈ 600ರಲ್ಲಿ ಪೂರ್ತಿ ಹುಟ್ಟುವುದೂ ಇಲ್ಲ.

ನಿಮ್ಮ ಹಳೆಯ ಕಿರ್ದಿ, ಖತಾವಣಿ ಒಂದೂ ಹೋಗುವುದಿಲ್ಲ. ನಮ್ಮವರು ನಿಮ್ಮ ಅಂಗಡಿಗೇ ಬರುತ್ತಾರೆ. ಹಳೆಯ ಒಟ್ಟು, ಹೊಸ ಒಟ್ಟು ಎರಡನ್ನೂ ಪ್ರಿಂಟ್ ತೆಗೆದು ನಿಮ್ಮ ಮುಂದಿಡುತ್ತಾರೆ. ನೀವು ಸರಿ ಅಂದ ಮೇಲೆಯೇ ಹಳೆಯದನ್ನು ತೆಗೆಯುತ್ತಾರೆ. ಯಾವ ದಿನ ಬರಬೇಕೆಂದು ಮಾರ್ಚ್ 20ರೊಳಗೆ ಫೋನ್ ಮಾಡಿ ತಿಳಿಸಿ, ಭಾನುವಾರ ಆದರೂ ಪರವಾಗಿಲ್ಲ.

ಇಂತಿ,
ನಿಮ್ಮ ಸಾಫ್ಟ್‌ವೇರ್ ಬಳಗ, ಹುಬ್ಬಳ್ಳಿ