ಮಗು ಒಂದು ಕಡೆ, ನೀನೊಂದು ಕಡೆ

ಚಿನ್ನೂ,

ನಿನ್ನ ಕಾಗದ ಓದಿದೆ. ಕೆಲಸ, ಮನೆ, ವೀಸಾಕ್ಕೋಸ್ಕರ ಮೂರು ವರ್ಷ ಅಲ್ಲೇ ಇರಬೇಕು ಅನ್ನೋದು, ಎಲ್ಲಾ ನಿಮ್ಮಮ್ಮ ಫೋನಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ, ಅದನ್ನ ಬಿಡು. ಕೊನೇಲಿ ಸುಮ್ನೆ ಒಂದು ಸಾಲು ಬರೆದು ನಗೋ ಮುಖ ಹಾಕಿದೀಯಲ್ಲ, ಸುಂಟರಗಾಳಿ ಸೈರನ್ ಕೂಗೋ ಹೊತ್ತಲ್ಲಿ ನಾನು ಆಸ್ಪತ್ರೆ ವಾರ್ಡಲ್ಲಿದ್ದು ಮಗು ಡೇಕೇರಲ್ಲಿದ್ರೆ ಏನ್ಮಾಡ್ಲಿ ದೊಡ್ಡಮ್ಮ ಅಂತ, ಆ ಸಾಲಿಗೆ ನನಗೆ ನಿದ್ದೆ ಹೋಯ್ತು. ನಗೋ ಮುಖ ಯಾಕೆ ಹಾಕಿದೀಯ ಅಂತ ನನಗೆ ಗೊತ್ತಿಲ್ವಾ.

ಗ್ರೀನ್ಸ್‌ಬರ್ಗ್ ಅಂದ್ರೆ ನಿಮ್ಮಮ್ಮನಿಗೆ ಅಮೆರಿಕದ ಮ್ಯಾಪಲ್ಲಿ, ಕ್ಯಾನ್ಸಸ್ ರಾಜ್ಯದಲ್ಲಿ ಒಂದು ಚುಕ್ಕೆ, ನನಗೆ ಹಾಗಲ್ಲ. ನಾವು ವಿಚಿಟಾದಲ್ಲಿದ್ದಾಗ ನಿಮ್ಮ ದೊಡ್ಡಪ್ಪ ವಿಮಾನದ ಫ್ಯಾಕ್ಟರೀಲಿ, ನಾನು ಆಸ್ಪತ್ರೆ ಲ್ಯಾಬಲ್ಲಿ. ರಜಾ ಸಿಕ್ಕಿದ್ರೆ 54ನೇ ಹೈವೇ ಹಿಡಿದು ಪಶ್ಚಿಮಕ್ಕೆ ಹೋಗೋದು, ಪ್ರ್ಯಾಟ್ ದಾಟಿ ಅರ್ಧ ಗಂಟೆಗೆ ನಿಮ್ಮೂರು. ನೋಡೋಕೆ ಏನಿತ್ತು ಅಂದ್ರೆ ಬಾವಿ! 1888ರಲ್ಲಿ ಮುಗಿದಿದ್ದು, ಪಿಕಾಸಿ ಸಲಿಕೆ ಹಿಡಿದು ಕೈಯಲ್ಲೇ ತೋಡಿದ್ದು, 109 ಅಡಿ ಆಳ, 32 ಅಡಿ ಅಗಲ. 1932ರ ತನಕ ಇಡೀ ಊರು ಅದರ ನೀರೇ ಕುಡಿದಿದ್ದು. ನಮ್ಮ ಹಿತ್ತಲ ಬಾವಿಗೆ ಹಗ್ಗ ಬಿಟ್ಟು ಬೆಳೆದವಳಿಗೆ ಬಾವಿ ನೋಡೋಕೆ ಟಿಕೆಟ್ಟಾ ಅಂತ ನಗು ಬಂದಿತ್ತು, ಆಮೇಲೆ ಆ ಕಬ್ಬಿಣದ ಮೆಟ್ಟಿಲಲ್ಲಿ ಕೆಳಗಿಳಿಯೋವಾಗ ನಗು ನಿಂತೋಯ್ತು, ನಮ್ಮ ರವಿ ಮುಂದೆ ಮುಂದೆ ಓಡ್ತಾ ಇದ್ದ, ನಾನು ಮೇಲಿಂದ ಕೂಗಿದ್ದೇ ಕೂಗಿದ್ದು, ಕೂಗೆಲ್ಲ ಬಾವೀಲಿ ತಿರುಗಿ ನನಗೇ ವಾಪಸ್. ಪಕ್ಕದಲ್ಲೇ ಒಂದು ಉಲ್ಕೆ ಕಲ್ಲು ಇಟ್ಟಿದ್ರು, ಸಾವಿರ ಪೌಂಡ್ ತೂಕದ್ದು. ಆಮೇಲೆ ಮೇನ್ ಸ್ಟ್ರೀಟಲ್ಲಿ ಔಷಧಿ ಅಂಗಡಿ ಒಳಗಿದ್ದ ಸೋಡಾ ಕೌಂಟರಲ್ಲಿ ಎತ್ತರದ ಸ್ಟೂಲ್ ಮೇಲೆ ಕೂತು ನಿಂಬೆ ಸೋಡಾ ಕುಡಿದಿದ್ವಿ. ನಿಮ್ಮ ದೊಡ್ಡಪ್ಪನಿಗೆ ಅಲ್ಲೇ ಇನ್ನೊಂದ್ಸಲ ಕೂತ್ಕೋಬೇಕು ಅಂತ ಆಸೆ ಕೊನೇ ತನಕ ಇತ್ತು. ಆಗಲಿಲ್ಲ, ಅಂಗಡಿ 2007ರಲ್ಲಿ ಹೋಯ್ತು.

2007 ಮೇ 4, ಶುಕ್ರವಾರ, ರಾತ್ರಿ ಒಂಬತ್ತೂ ಮುಕ್ಕಾಲು, ಹತ್ತರ ಮಧ್ಯೆ ಸುಂಟರಗಾಳಿ ಬಂತು. ಅಗಲಾನೇ 2.7 ಕಿಲೋಮೀಟರ್ ಇತ್ತಂತೆ, ಅಂದ್ರೆ ಊರಿಗಿಂತ ಅಗಲ, ಪಕ್ಕಕ್ಕೆ ಹೋಗೋಕೆ ಊರಲ್ಲಿ ಪಕ್ಕಾನೇ ಇರಲಿಲ್ಲ. ನೂರಕ್ಕೆ 95 ಭಾಗ ನೆಲಸಮ. ನಾವು ಆಗ ನ್ಯೂಜೆರ್ಸೀಲಿ ಟೀವಿ ನೋಡ್ತಾ ಕೂತಿದ್ವಿ, ಮರಗಳು ತೊಗಟೆ ಸುಲಿದು ಬರೀ ಕಂಬ ಆಗಿದ್ವು, ಗೋಧಿ ತುಂಬಿಡೋ ಎತ್ತರದ ಉಗ್ರಾಣ, ಎಲಿವೇಟರ್ ಅಂತಾರೆ, ಅದು ಮಾತ್ರ ನಿಂತಿತ್ತು. ಆಸ್ಪತ್ರೆ ಇಲ್ಲ ಶಾಲೆ ಇಲ್ಲ ವಾಟರ್ ಟ್ಯಾಂಕ್ ಇಲ್ಲ. ಸತ್ತವರು 11-12 ಜನ. ಅಷ್ಟೇನಾ ಅಂತ ಬಾಯಿಗೆ ಬಂತು, ಅಷ್ಟೇ ಯಾಕೆ ಅಂದ್ರೆ ಸುಮಾರು ಇಪ್ಪತ್ತು ನಿಮಿಷ ಮೊದಲೇ ಸೈರನ್ ಕೂಗಿತ್ತು, ಜನ ನೆಲಮಾಳಿಗೆಗೆ ಇಳಿದಿದ್ರು. ಆದರೆ ನೋಡು, ನಿನ್ನ ಸಾಲು ಓದಿದ ಮೇಲೆ ನನಗೆ ಹೊಳೀತಿರೋದು ಇದು: ಅದು ರಾತ್ರಿ. ಮಕ್ಕಳೆಲ್ಲ ಅಪ್ಪ ಅಮ್ಮನ ಜೊತೆ ಇದ್ರು. ಅದೇ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಬಂದಿದ್ರೆ? ಇದನ್ನ ನಿನಗೆ ಬರೀಬಾರದಿತ್ತು. ನೀನೂ ಇದನ್ನ ಆಗಲೇ ಯೋಚನೆ ಮಾಡಿರ್ತೀಯ, ಅದಕ್ಕೆ ಅಳಿಸ್ತಿಲ್ಲ.

ನನ್ನ ಕಥೆ ನಿನಗೆ ಯಾರೂ ಹೇಳಿರಲ್ಲ. 1991 ಏಪ್ರಿಲ್ 26, ಅದೂ ಶುಕ್ರವಾರವೇ, ಆಂಡೋವರ್ ಸುಂಟರಗಾಳಿ. ವಿಚಿಟಾದ ದಕ್ಷಿಣಕ್ಕೆ ಶುರುವಾಗಿ ಏರ್‌ಫೋರ್ಸ್ ಬೇಸ್ ದಾಟಿ ಪೂರ್ವಕ್ಕೆ ಆಂಡೋವರ್ ಕಡೆ ಹೋಯ್ತು. ಸಾಯಂಕಾಲ, ಇನ್ನೂ ಬೆಳಕಿತ್ತು. ನಾನು ಲ್ಯಾಬಲ್ಲಿ ಸೆಕೆಂಡ್ ಶಿಫ್ಟು, ರವಿ ಅವನ ಕ್ಲಾಸಿನ ಹುಡುಗನ ಹುಟ್ಟಿದಹಬ್ಬಕ್ಕೆ ಹೋಗಿದ್ದ, ಎಲ್ಲಿ? ಊರಿನ ಪೂರ್ವಕ್ಕೆ. ಫೋನ್ ಮಾಡಿದ್ರೆ ಎಂಗೇಜ್, ಎಂಗೇಜ್, ಎಂಗೇಜ್. ಕೈಯಲ್ಲಿ ರಕ್ತದ ಟ್ಯೂಬ್ ಇದೆ, ಲೇಬಲ್ ಮೇಲಿನ ಹೆಸರು ಓದಕ್ಕಾಗ್ತಿಲ್ಲ, ಆದರೂ ಮಾಡ್ತಾ ಇದೀನಿ, ಯಾಕಂದ್ರೆ ಎಮರ್ಜೆನ್ಸಿಗೆ ಜನ ಬರೋಕೆ ಶುರುವಾಗಿದ್ರು. ಬಿಟ್ಟು ಓಡಬೇಕು ಅನ್ಸಿತು. ಓಡಲಿಲ್ಲ. ಧೈರ್ಯಕ್ಕಲ್ಲ ಮಾರಾಯ್ತಿ, ಕಾರಿನ ಕೀ ನಿಮ್ಮ ದೊಡ್ಡಪ್ಪನ ಹತ್ರ ಇತ್ತು, ಅವರು ಮನೆ ಮುಂದೆ ಅಕ್ಕಪಕ್ಕದ ಗಂಡಸರ ಜೊತೆ ನಿಂತು ಆಕಾಶ ನೋಡ್ತಾ ಇದ್ರಂತೆ, ಕ್ಯಾನ್ಸಸ್ ಗಂಡಸರಿಗೆ ಸೈರನ್ ಕೂಗಿದ್ರೆ ಒಳಗೆ ಹೋಗೋದು ಅವಮಾನ, ನಿನ್ನ ಗಂಡ ಈ ಚಟ ಕಲಿಯದ ಹಾಗೆ ನೋಡ್ಕೋ.

ಆ ದಿನ ಆಂಡೋವರಲ್ಲಿ ಸೈರನ್ ಕೂಗಲೇ ಇಲ್ಲ, ಕೆಟ್ಟಿತ್ತು. ಪೋಲಿಸಿನವರು ಕಾರಲ್ಲಿ ಬೀದಿ ಬೀದಿ ಸುತ್ತಿ ಕಾರಿನ ಸೈರನ್ನಲ್ಲೇ ಎಚ್ಚರಿಸಿದ್ರು. ಅಲ್ಲೊಂದು ಮೊಬೈಲ್ ಹೋಮ್ ಪಾರ್ಕಲ್ಲೇ, ಅಡಿಪಾಯ ಇಲ್ಲದ ಹಗುರ ಮನೆಗಳ ಬಡಾವಣೇಲಿ, 13 ಜನ ಹೋದ್ರು. ಇದನ್ನೂ ಯಾಕೆ ಹೇಳ್ತಿದೀನೋ. ಸೈರನ್ ಇದೆ ಅಂತ ಅದೊಂದನ್ನೇ ನಂಬ್ಕೊಂಡು ಕೂರಬೇಡ ಅಂತಷ್ಟೇ. ಹೇಗಿದ್ರೂ ಅದು ಹೊರಗಿರೋರಿಗೆ ಅಂತ ಮಾಡಿದ್ದು, ಕಿಟಕಿ ಮುಚ್ಚಿ ಏಸಿ ಹಾಕಿ ಮಲಗಿದ್ರೆ ಕೇಳಿಸಲ್ಲ. ವೆದರ್ ರೇಡಿಯೋ ಒಂದು ತಗೋ, ಬ್ಯಾಟರೀದು, ನಿಮ್ಮ ಕೌಂಟಿಗೆ ಸೆಟ್ ಮಾಡ್ಕೋಬಹುದು. ನಿನಗೆ ಗೊತ್ತಿರತ್ತೆ ಬಿಡು, ಫೋನಲ್ಲೇ ಬರತ್ತೆ ಅಂತೀಯ. ಟವರ್ ಬಿದ್ರೆ ಏನು ಬರತ್ತೆ.

ರವಿಗೆ ಏನೂ ಆಗಿರಲಿಲ್ಲ. ಆ ಮನೆಯಾಕೆ ಟೀವಿ ನೋಡ್ತಿದ್ದಂಗೆ ಅಷ್ಟೂ ಮಕ್ಕಳನ್ನ ಬೇಸ್‌ಮೆಂಟಿಗೆ ತಳ್ಳಿ, ಕೇಕನ್ನೂ ಕೆಳಗೇ ಒಯ್ದು, ಮಕ್ಕಳು ಶೂ ಬಿಚ್ಚಿದ್ರಂತೆ, ಎಲ್ರಿಗೂ ತಾನೇ ಬಗ್ಗಿ ಶೂ ಹಾಕಿದ್ಲಂತೆ, ಆಮೇಲೆ ಗಾಜಿನ ಮೇಲೆ ನಡೀಬೇಕಾದ್ರೆ ಅಂತ. ರಾತ್ರಿ ಕರ್ಕೊಂಡು ಬಂದಾಗ ರವಿ ಕಾಲಲ್ಲಿ ಬೇರೆ ಯಾರದ್ದೋ ಶೂ, ಎಡಕ್ಕೆ ಬಲದ್ದು. ನಾನು ಅದನ್ನ ನೋಡಿ ಅತ್ತಿದ್ದು. ಆಕೆ ಹೆಸರು ಕೂಡ ನನಗೆ ಸರಿಯಾಗಿ ಗೊತ್ತಿರಲಿಲ್ಲ, ಇಂಥವನ ಅಮ್ಮ ಅಂತ ಅಷ್ಟೇ. ನಾಳೆ ಹೋಗಿ ಥ್ಯಾಂಕ್ಸ್ ಹೇಳೋಣ, ಚಕ್ಲಿ ಮಾಡ್ಕೊಂಡು ಹೋಗೋಣ ಅಂತ ಇದ್ದೆ, ಶಾಲೆ ಮುಗೀತು, ಅವರು ಮನೆ ಬದಲಾಯಿಸಿದ್ರು, ಹಾಗೇ ಆಯ್ತು. ನಾನು ಮಾತ್ರ ಮನೇಲಿ ಹಿಡಿದ ಹಠ ಬಿಡಲಿಲ್ಲ, ಇಲ್ಲಿರಲ್ಲ ಇಲ್ಲಿರಲ್ಲ ಅಂತ, ಕೊನೆಗೆ ನಿಮ್ಮ ದೊಡ್ಡಪ್ಪ ಇಷ್ಟಪಟ್ಟ ಕೆಲಸ ಬಿಟ್ಟು ನ್ಯೂಜೆರ್ಸೀಲಿ ಏನೋ ಒಂದು ಕಂಪ್ಯೂಟರ್ ಕೆಲಸ ಹಿಡಿದ್ರು. ಒಂದ್ಸಲಾನೂ ಎತ್ತಿ ಆಡಲಿಲ್ಲ ಆ ಮನುಷ್ಯ. ಎತ್ತಿ ಆಡಿದ್ರೆ ಜಗಳ ಆಡಿ ಮುಗಿಸ್ತಿದ್ದೆ.

ಈಗ ನಿನ್ನ ಮಾತಿಗೆ ಬರ್ತೀನಿ, ಅಲ್ಲೇ ಸುತ್ತುತಾ ಇದೀನಿ ಗೊತ್ತು. ಗಾಳಿ ಬರೋ ಹೊತ್ತಿಗೆ ನೀನು ಮಗು ಹತ್ರ ಇರ್ತೀಯ ಅಂತ ನಾನು ಹೇಳಕ್ಕಾಗಲ್ಲ. ನೀನು ಡಾಕ್ಟರು, ನಡೆಯಕ್ಕಾಗದ ಮುದುಕರನ್ನ ಕಾರಿಡಾರಿಗೆ ತಳ್ಕೊಂಡು ಬರೋ ಕೆಲಸ ಇರತ್ತೆ, ನೀನು ಕಾರ್ ಹತ್ತಿದ್ರೆ ದಾರೀಲೇ ಸಿಕ್ಕಾಕೊಳ್ತೀಯ. ಆಗ ಮಗೂಗೆ ಶೂ ಹಾಕೋದು ಇನ್ಯಾರೋ. ಆ ಇನ್ಯಾರೋ ಯಾರು ಅಂತ ಈಗಲೇ ಗೊತ್ತು ಮಾಡ್ಕೋ, ನನಗೆ ತೋಚೋದು ಇಷ್ಟೇ. ಡೇಕೇರ್ ಆಯಮ್ಮನ ಮನೆ ಎಲ್ಲಿ, ಆಕೆಗೆ ಎಷ್ಟು ಮಕ್ಕಳು, 2007ರಲ್ಲಿ ಆಕೆ ಎಲ್ಲಿದ್ಲು, ಕೇಳು. ಆ ಊರಲ್ಲಿ ಅದೊಂದು ಪ್ರಶ್ನೆ ಕೇಳಿದ್ರೆ ಸಾಕು, ಮಾತು ತಾನೇ ಬರತ್ತೆ ಅಂತ ನನ್ನ ಅಂದಾಜು. 2000ದಲ್ಲಿ 1,574 ಜನ ಇದ್ದ ಊರು 2020ರ ಲೆಕ್ಕದಲ್ಲಿ 740. ಅರ್ಧಕ್ಕಿಂತ ಜಾಸ್ತಿ ಖಾಲಿ ಆಗಿದೆ ನಿಜ, ಆದರೆ ಆ ರಾತ್ರಿ ಕಂಡು, ಮಕ್ಕಳನ್ನ ಆಗಸ್ಟಲ್ಲಿ ಟ್ರೈಲರ್ ಗಾಡೀಲಿ ನಡೆಸಿದ ತಾತ್ಕಾಲಿಕ ಶಾಲೆಗೆ ಕಳಿಸಿ, ಮತ್ತೆ ಅಲ್ಲೇ ಮನೆ ಕಟ್ಟಿದವರು ಅದರಲ್ಲಿ ಇದಾರಲ್ಲ, ಅವರ ಕೈಗೆ ಮಗು ಕೊಡೋಕೆ ನಾನಾದ್ರೆ ಹಿಂದೆ ಮುಂದೆ ನೋಡಲ್ಲ. ಅಯ್ಯೋ, ನೋಡ್ತಿದ್ದೆ. ನೋಡಿದ್ದಕ್ಕೇ ಅಲ್ವಾ ಊರು ಬಿಟ್ಟಿದ್ದು.

ಪೇಪರಿನವರೆಲ್ಲ ನಿಮ್ಮೂರ ಬಗ್ಗೆ ಬರೆಯೋದು ಬೇರೆ. ದೊಡ್ಡ ಸರ್ಕಾರಿ ಕಟ್ಟಡ ಎಲ್ಲಾ ಲೀಡ್ ಪ್ಲಾಟಿನಂ, ಅಂದ್ರೆ ಪರಿಸರಕ್ಕೆ ಒಳ್ಳೇದಾಗೋ ಕಟ್ಟಡಕ್ಕೆ ಕೊಡೋ ಅತಿ ಮೇಲಿನ ದರ್ಜೆ, ಊರ ಹೊರಗೆ ಹತ್ತು ಗಾಳಿಯಂತ್ರ, 12.5 ಮೆಗಾವ್ಯಾಟ್, ಕೆಡವಿದ ಗಾಳೀನೇ ಈಗ ದೀಪ ಹಚ್ಚತ್ತೆ ಅಂತ. ಚೆಂದ ಇದೆ, ಯಾರಿಗೆ ಬೇಕು. ನನಗೆ ಬೇಕಾದ್ದು ಆ ಡೇಕೇರಿಗೆ ಬೇಸ್‌ಮೆಂಟ್ ಇದೆಯಾ, ಇಲ್ಲಾ ಕಾಂಕ್ರೀಟಿನ ಸೇಫ್ ರೂಮ್ ಇದೆಯಾ, ಬಾಗಿಲು ಒಳಗಿಂದ ಗಟ್ಟಿಯಾಗಿ ಹಾಕತ್ತಾ. ಗಾಳಿಯಂತ್ರದ ಫೋಟೋ ಕಳಿಸಬೇಡ, ಆ ರೂಮಿಂದು ಕಳಿಸು.

ಇನ್ನೇನು ಹೇಳ್ಲಿ, ಮಂಚದ ಕೆಳಗೆ ಇಬ್ಬರ ಶೂ ಇಟ್ಕೋ. ಮಗು ಸೈಕಲ್ ಹೆಲ್ಮೆಟ್ ಬಾಗಿಲ ಹತ್ರ ಇರಲಿ. ಡೇಕೇರಲ್ಲೂ ಒಂದು ಜೊತೆ ಶೂ ಜಾಸ್ತಿ ಇಡು, ಹೆಸರು ಬರೆದು. ಮುದುಕಿ ತಲೆ ತಿಂತಾಳೆ ಅಂತ ಬೈಕೋ, ಪರವಾಗಿಲ್ಲ. ಮೇ ಬರೋ ಮುಂಚೆ ಚಕ್ಲಿ ಮಾಡಿ ಆ ಡೇಕೇರ್ ಆಯಮ್ಮನಿಗೆ ಕೊಡು, ಖಾರ ಕಮ್ಮಿ ಹಾಕು, ಕೊಟ್ಟ ಮೇಲೆ ಬರಿ. ನಿಮ್ಮಮ್ಮನಿಗೆ ಈ ಕಾಗದ ತೋರಿಸಬೇಡ, ಅವಳು ನಾಳೆನೇ ಟಿಕೆಟ್ ಮಾಡಿಸ್ತಾಳೆ.

ನಿನ್ನ ದೊಡ್ಡಮ್ಮ