ಅಡಿಪಾಯಕ್ಕೆ ಮೊದಲೇ ನೆಲದ ಶಾಖದ ಪರೀಕ್ಷೆಯಾಗಲಿ: ಲೋಕೋಪಯೋಗಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಆಸ್ಪತ್ರೆ, ವಿಶ್ವವಿದ್ಯಾಲಯ, ಕಚೇರಿ ಸಮುಚ್ಚಯಗಳಂತಹ ದೊಡ್ಡ ಸಾರ್ವಜನಿಕ ಕಟ್ಟಡಗಳನ್ನು ಬಿಸಿಯಾಗಿಯೋ ತಂಪಾಗಿಯೋ ಇಡುವ ವ್ಯವಸ್ಥೆಯ ಯೋಚನೆ ಹಲವು ವೇಳೆ ನಕ್ಷೆ ಅಂತಿಮವಾದ ಮೇಲೆ ಆರಂಭವಾಗುತ್ತದೆ. ಅಷ್ಟರಲ್ಲಿ ನೆಲದೊಳಗಿನ ಶಾಖವನ್ನು ಬಳಸುವ ಒಳ್ಳೆಯ ಅವಕಾಶ ಕೈತಪ್ಪಿರುತ್ತದೆ. ಕಟ್ಟಡ ಎದ್ದು ನಿಂತ ಮೇಲೆ ಅದರ ಅಡಿಯಲ್ಲಿ ಕೊಳವೆಬಾವಿ ಕೊರೆಯುವುದು ಬಹುಪಾಲು ಆಗದ ಕೆಲಸ.

ನಾನು ಹೇಳುತ್ತಿರುವುದು ಬಿಸಿನೀರಿನ ಬುಗ್ಗೆಗಳಿರುವ ಅಪರೂಪದ ಜಾಗಗಳ ಮಾತಲ್ಲ. ಸುಮಾರು 10ರಿಂದ 15 ಮೀಟರ್ ಕೆಳಗೆ ನೆಲದ ಉಷ್ಣತೆ ಋತುಗಳೊಂದಿಗೆ ಹೆಚ್ಚು ಏರಿಳಿಯದೆ, ಆ ಸ್ಥಳದ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿರುತ್ತದೆ. 100 ಮೀಟರಿಗೂ ಆಳವಾದ ಬಾವಿಗಳಲ್ಲಿ ಪ್ಲಾಸ್ಟಿಕ್ ಕೊಳವೆಗಳನ್ನಿಳಿಸಿ ನೀರು ಹರಿಸಿದರೆ, ವಿದ್ಯುತ್ ಬಳಸಿ ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರವಾದ ಹೀಟ್ ಪಂಪ್ ಚಳಿಗಾಲದಲ್ಲಿ ಶಾಖವನ್ನು ಮೇಲೆತ್ತುತ್ತದೆ, ಬೇಸಿಗೆಯಲ್ಲಿ ಕಟ್ಟಡದ ಶಾಖವನ್ನು ನೆಲಕ್ಕಿಳಿಸುತ್ತದೆ. ಅನುಕೂಲಕರ ಸ್ಥಿತಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ನಾಲ್ಕು ಯೂನಿಟ್ ಶಾಖ ದೊರೆಯುತ್ತದೆ.

ಇದು ಪ್ರಯೋಗದ ಹಂತ ದಾಟಿ ಬಹಳ ಕಾಲವಾಯಿತು. ಅಮೆರಿಕದ ಇಂಡಿಯಾನಾದಲ್ಲಿರುವ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ಸುಮಾರು 3,600 ಬಾವಿಗಳನ್ನು ಕೊರೆದು, ತನ್ನ ಕಲ್ಲಿದ್ದಲು ಬಾಯ್ಲರುಗಳಿಗೆ ವಿದಾಯ ಹೇಳಿದೆ. ಸ್ಟಾಕ್‌ಹೋಮ್‌ನ ಆರ್ಲಾಂಡಾ ವಿಮಾನ ನಿಲ್ದಾಣ 2009ರಿಂದ ಅಂತರ್ಜಲದ ಪದರವನ್ನೇ ಶಾಖದ ಉಗ್ರಾಣವಾಗಿ ಬಳಸುತ್ತಿದೆ.

ಆದರೆ ಗುತ್ತಿಗೆದಾರರ ಕರಪತ್ರಗಳಲ್ಲಿ ಸುಲಭವಾಗಿ ಕಾಣಸಿಗದ ಒಂದು ತೊಡಕನ್ನು ತಮ್ಮ ಗಮನಕ್ಕೆ ತರಲೇಬೇಕು. ವರ್ಷವಿಡೀ ತಂಪನ್ನೇ ಬೇಡುವ ಕಟ್ಟಡ ನೆಲಕ್ಕೆ ಶಾಖವನ್ನು ಸುರಿಯುತ್ತಲೇ ಹೋಗುತ್ತದೆ. ಅದನ್ನು ಮರಳಿ ತೆಗೆಯುವವರಿಲ್ಲದಿದ್ದರೆ ಸುತ್ತಲಿನ ಮಣ್ಣು ವರ್ಷದಿಂದ ವರ್ಷಕ್ಕೆ ಬಿಸಿಯಾಗಿ, ಪಂಪಿನ ದಕ್ಷತೆ ಕುಸಿಯುತ್ತದೆ. ಬರೀ ಬಿಸಿಯನ್ನೇ ಬೇಡುವ ಕಡೆ ಇದೇ ನಷ್ಟ ತಿರುವುಮುರುವಾಗಿ ಬರುತ್ತದೆ. ಬಾವಿಗಳ ಅಂತರವನ್ನು ಹೆಚ್ಚಿಸುವುದು, ಹೆಚ್ಚುವರಿ ಶಾಖವನ್ನು ಸ್ನಾನದ ನೀರಿಗೆ ತಿರುಗಿಸುವುದು, ಶಾಖವನ್ನು ಗಾಳಿಗೆ ಬಿಡುವ ಕೂಲಿಂಗ್ ಟವರನ್ನು ಜೊತೆಗಿಡುವುದು ಇದಕ್ಕಿರುವ ಪರಿಹಾರಗಳು. ಇವೆಲ್ಲ ವಿನ್ಯಾಸದ ಹಂತದಲ್ಲೇ ನಿರ್ಧಾರವಾಗಬೇಕು.

ಆದ್ದರಿಂದ ನನ್ನ ಕೋರಿಕೆ ಸಹಾಯಧನದ್ದಲ್ಲ. ದೊಡ್ಡ ಸಾರ್ವಜನಿಕ ಕಟ್ಟಡದ ನಕ್ಷೆಗೆ ಒಪ್ಪಿಗೆ ನೀಡುವ ಮುನ್ನ, ಪರೀಕ್ಷಾ ಬಾವಿಯೊಂದನ್ನು ಕೊರೆದು ಎರಡು ಮೂರು ದಿನ ಬಿಸಿನೀರು ಹರಿಸಿ ಆ ನೆಲದ ಶಾಖವಾಹಕತೆಯನ್ನು ಅಳೆಯುವುದನ್ನು ಕಡ್ಡಾಯಗೊಳಿಸಿ. ನೆಲ ಒಗ್ಗದಿದ್ದರೆ ಯೋಜನೆಯನ್ನು ಅಲ್ಲಿಗೇ ಕೈಬಿಡಲಿ. ಒಗ್ಗಿದ ಕಡೆ, ನೆಲಕ್ಕೆ ಹೋದ ಮತ್ತು ನೆಲದಿಂದ ಬಂದ ಶಾಖದ ಲೆಕ್ಕವನ್ನು ಪ್ರತಿ ವರ್ಷ ಸಾರ್ವಜನಿಕರ ಮುಂದಿಡುವ ಷರತ್ತು ಟೆಂಡರಿನಲ್ಲೇ ಇರಲಿ.

ಇಂತಿ,
ತೆರಿಗೆ ಪಾವತಿಸುವ ಓರ್ವ ನಾಗರಿಕ